ಊಟ ಮೊದಲು, ಲೆಕ್ಕ ಆಮೇಲೆ

ಕಾಪುವಿನಲ್ಲಿರುವ ನನ್ನ ನಾದಿನಿ ಪ್ರತಿವರ್ಷ ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಗೆ ಕರೆಯುತ್ತಾಳೆ, ನಾನು ಪ್ರತಿವರ್ಷ ಏನಾದರೊಂದು ನೆಪ ಹೇಳುತ್ತೇನೆ. ಮೊಣಕಾಲು ನೋವು, ಮಳೆ, ಬಸ್ಸಿನಲ್ಲಿ ಜನ. ಈ ಸಲ ನೆಪಗಳೆಲ್ಲ ಖರ್ಚಾಗಿದ್ದವು, ಹೋದೆ. ಬೆಳಿಗ್ಗೆ ಹಿತ್ತಿಲ ಜಗಲಿಯಲ್ಲಿ ಕುಳಿತು ಆ ದಿನ ಎಲ್ಲರೂ ಕುಡಿಯುವ ಹಾಳೆಮರದ ತೊಗಟೆಯ ಕಷಾಯ ಕುಡಿಯುತ್ತಿದ್ದಾಗ ಕರೆಂಟು ಹೋಯಿತು. ಪಕ್ಕದ ಐಸ್ ಪ್ಲಾಂಟಿನವರು ಜನರೇಟರ್ ಚಾಲೂ ಮಾಡಿದರು. ಒದ್ದೆ ಮರಳಿನ ಮೇಲಿಂದ ಡೀಸೆಲಿನ ವಾಸನೆ ತೇಲಿಬಂತು. ಬಾಯಿಯಲ್ಲಿ ಕಷಾಯ, ಮೂಗಿನಲ್ಲಿ ಡೀಸೆಲು. ನಾನು ಲೋಟ ಕೆಳಗಿಟ್ಟೆ.

"ಕಹಿಯಾ ಅತ್ತಿಗೆ? ಬೆಲ್ಲ ಕೊಡಬೇಕಾ?" ಎಂದಳು ನಾದಿನಿ.

ಬೆಲ್ಲದಿಂದ ಹೋಗುವಂಥದ್ದಲ್ಲ ಅದು. ನಾನು ನಲವತ್ತು ವರ್ಷ ಕಾಪುವಿಗೆ ಬಾರದೆ ತಪ್ಪಿಸಿಕೊಂಡದ್ದು ಈ ವಾಸನೆಗೆ ಹೆದರಿಯೇ. ಅದರ ಹಿಂದೆ ಒಂದು ಮಳೆಗಾಲ ಇದೆ, ಅದನ್ನು ನೆನೆದಾಗಲೆಲ್ಲ ನನಗೆ ಈಗಲೂ ನಾಚಿಕೆಯಾಗುತ್ತದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಾಪುವಿನ ಆಚೆ ಹೊಳೆ ಕಡಲು ಸೇರುವಲ್ಲಿ ಒಂದು ಸಣ್ಣ ದಕ್ಕೆ, ಅಲ್ಲಿ ಬಂದು ಕಟ್ಟುವ ಮೀನಿನ ಬೋಟುಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದವು. ಬೋಟಿಗೆ ಡೀಸೆಲು ಬೇಕು. ಡೀಸೆಲಿನ ಟ್ಯಾಂಕು ಇದ್ದದ್ದು ಹೆದ್ದಾರಿಯ ಬದಿಯಲ್ಲಿ, ಉಡುಪಿಯ ಒಂದು ಕಂಪನಿಯದ್ದು. ಅಲ್ಲಿಂದ ದಕ್ಕೆಗೆ ಹೋಗುವ ದಾರಿಯೆಲ್ಲ ಮರಳು, ಲಾರಿ ಇಳಿದರೆ ಹೂತುಕೊಳ್ಳುತ್ತಿತ್ತು. ಆಳುಗಳು ಡ್ರಮ್ಮುಗಳನ್ನು ಉರುಳಿಸಿಕೊಂಡು ಹೋಗಬೇಕು. ಹಾಗಾಗಿ ಟ್ಯಾಂಕಿನಿಂದ ದಕ್ಕೆಗೆ ಕಬ್ಬಿಣದ ಪೈಪು ಹಾಕುವ ಯೋಚನೆ ಬಂತು. ಕಂಪನಿಯ ಯಜಮಾನರನ್ನು ಊರೆಲ್ಲ ಧಣಿಗಳು ಎನ್ನುತ್ತಿತ್ತು. ಕೈಯಿಂದ ಪೂರ್ತಿ ಹಣ ಹಾಕುವ ಪೈಕಿಯಲ್ಲ ಅವರು. ಪೈಪಿಗಾಗಿಯೇ ಬೇರೆ ಒಂದು ಪಾಲುದಾರಿಕೆ ಮಾಡಿಸಿದರು. ಅರ್ಧಕ್ಕಿಂತ ತುಸು ಹೆಚ್ಚು ಪಾಲು ಕಂಪನಿಯದ್ದು, ಉಳಿದದ್ದು ಊರವರದ್ದು. ಪೈಪಿನಲ್ಲಿ ಹರಿದ ಒಂದೊಂದು ಡ್ರಮ್ ಡೀಸೆಲಿಗೂ ಕಂಪನಿಯು ಪಾಲುದಾರಿಕೆಗೆ ನಾಲ್ಕು ರೂಪಾಯಿ ಬಾಡಿಗೆ ಕೊಡಬೇಕು. ಆ ಬಾಡಿಗೆಯೇ ಪಾಲುದಾರರ ಆದಾಯ.

ನನ್ನ ಅಪ್ಪ ಆ ಕಂಪನಿಯ ಮೇನೇಜರು. ಕಾರ್ಕಳದ ಕಡೆಯವರು, ಹತ್ತನೇ ತರಗತಿ ಮುಗಿಸಿ ಧಣಿಗಳ ಅಂಗಡಿಯಲ್ಲಿ ಚೀಟಿ ಬರೆಯಲು ಸೇರಿ ಮೇಲೆ ಬಂದವರು. ಬಿಳಿ ಷರಟು, ಕಿಸೆಯಲ್ಲಿ ಎರಡು ಪೆನ್ನು, ಬಾಯಿ ತುಂಬ ಮಾತು. ಸಂಜೀವಣ್ಣ ಅಂದರೆ ಕಾಪುವಿನಿಂದ ಕಾರ್ಕಳದವರೆಗೆ ಗೊತ್ತು. ಧಣಿಗಳನ್ನು ನಂಬಿ ಯಾರೂ ಪೈಪಿಗೆ ದುಡ್ಡು ಹಾಕುತ್ತಿರಲಿಲ್ಲ. "ಸಂಜೀವಣ್ಣ ಇದ್ದಾರಲ್ಲ, ಮತ್ತೆ ಎಂತ ಹೆದರಿಕೆ?" ಎಂದೇ ಎಲ್ಲರೂ ಹಾಕಿದ್ದು. ಧಣಿಗಳಿಗೂ ಅದು ಗೊತ್ತಿತ್ತು. ಪಾಲುದಾರಿಕೆಯ ವ್ಯವಹಾರ ನೋಡಿಕೊಳ್ಳುವ ಪಾಲುದಾರನಾಗಿಯೂ ಅಪ್ಪನನ್ನೇ ಕೂರಿಸಿದರು. ಬಾಡಿಗೆ ಕೊಡುವ ಕಂಪನಿಗೂ ಅಪ್ಪ, ಬಾಡಿಗೆ ಪಡೆಯುವ ಪಾಲುದಾರಿಕೆಗೂ ಅಪ್ಪ.

ನಮಗೆ ಅದು ಮನೆಯಲ್ಲೊಂದು ತಮಾಷೆಯಾಗಿತ್ತು. ನಾನು ಆಗ ಮಣಿಪಾಲದಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದೆ. ಪರ್ಕಳದ ಬಾಡಿಗೆ ಮನೆಯಿಂದ ಕಾಲೇಜಿಗೆ, ರಜೆಯಲ್ಲಿ ಅಪ್ಪನ ಜೊತೆ ಉಡುಪಿಯ ಆಫೀಸಿಗೆ, ಟೈಪು ಮಾಡಲಿಕ್ಕೆ. ಅಪ್ಪ ಕಂಪನಿಯ ಪರವಾಗಿ ಪಾಲುದಾರಿಕೆಗೆ ಒಂದು ಪತ್ರ ಹೇಳಿ ಬರೆಸುತ್ತಿದ್ದರು. ಅದಕ್ಕೆ ಒಂದು ಮೊಹರು. ಒಂದು ಲೋಟ ಚಾ ಕುಡಿದು, ಅದೇ ಕುರ್ಚಿಯಲ್ಲಿ ಕುಳಿತು, ಪಾಲುದಾರಿಕೆಯ ಪರವಾಗಿ ಉತ್ತರ: "ತಮ್ಮ ಪತ್ರ ತಲುಪಿತು. ತಮ್ಮ ಸೂಚನೆಯನ್ನು ಕೂಲಂಕಷವಾಗಿ ಪರಿಶೀಲಿಸಲಾಯಿತು." ಅದಕ್ಕೆ ಇನ್ನೊಂದು ಮೊಹರು. ನಾನು ನಗುತ್ತಿದ್ದೆ. "ಅಪ್ಪಾ, ಪರಿಶೀಲಿಸಿದ್ದು ಯಾವಾಗ?" ಎಂದರೆ ಅಪ್ಪನೂ ನಗುತ್ತಿದ್ದರು. "ಚಾ ಕುಡಿಯುವಾಗ ಮಾರಾಯ್ತಿ!"

ಪಾಲುದಾರರಲ್ಲಿ ಒಬ್ಬ ಇದ್ದಿನಬ್ಬ, ಕಾಪುವಿನ ಬ್ಯಾರಿ ಮುಸಲ್ಮಾನ. ದುಬೈಯ ಬಂದರಿನಲ್ಲಿ ಕ್ರೇನು ಓಡಿಸುತ್ತಿದ್ದ. ಮದುವೆಯಾಗಿ ಎಂಟು ವರ್ಷದಲ್ಲಿ ಹೆಂಡತಿಯ ಜೊತೆ ಇದ್ದದ್ದು ಎಲ್ಲ ರಜೆ ಕೂಡಿಸಿದರೆ ಒಂದು ವರ್ಷ ಆದೀತೋ ಏನೋ. ಉಳಿಸಿದ್ದನ್ನೆಲ್ಲ ತಂದು ಪೈಪಿಗೆ ಹಾಕಿದ. ಅವನ ಲೆಕ್ಕ ಸರಳ. ಪೈಪಿನ ಪಾಲು ಮನೆಯ ಅಕ್ಕಿಗೆ ಸಾಕು, ಹೀಗೆ ಇನ್ನೊಂದು ವರ್ಷ ನಡೆದರೆ ಈ ವೀಸಾ ಮುಗಿದ ಮೇಲೆ ಊರಿಗೇ ಬಂದುಬಿಡುವುದು. ಅವನ ಪರವಾಗಿ ಸಹಿ ಹಾಕುವ ಅಧಿಕಾರ ಹೆಂಡತಿ ಆಸ್ಯಮ್ಮನದು. ಮೂವತ್ತರ ಆಸುಪಾಸಿನ ಹೆಂಗಸು, ತಲೆಯ ಮೇಲೆ ಶಾಲು, ಮೆಲ್ಲನೆ ಮಾತು. ಆಫೀಸಿಗೆ ಬಂದಾಗೆಲ್ಲ ನನ್ನ ಮೇಜಿನ ಹತ್ತಿರ ನಿಂತು ಟೈಪು ಮಾಡುವುದನ್ನು ನೋಡುತ್ತಿದ್ದಳು. "ನಿನಗೆ ಬೆರಳು ನೋವಾಗುವುದಿಲ್ಲವಾ ಶಶಿ?" ಎಂದು ಕೇಳುತ್ತಿದ್ದಳು. ಒಮ್ಮೆ ತಾನಾಗಿಯೇ ಹೇಳಿದಳು: "ಬರುವ ವರ್ಷ ಇವರು ಬರುತ್ತಾರೆ. ಪೂರ್ತಿ ಬರುವುದು. ಪೆಟ್ಟಿಗೆ ಎಲ್ಲ ಕಟ್ಟಿಕೊಂಡು."

ಪಾಲುದಾರರ ಮೀಟಿಂಗು ವರ್ಷಕ್ಕೊಮ್ಮೆ, ದಕ್ಕೆಯ ಹತ್ತಿರದ ಕಂಪನಿಯ ಶೆಡ್ಡಿನಲ್ಲಿ. ಅದಕ್ಕೆ ಒಂದು ಕ್ರಮ ಇತ್ತು, ಅಪ್ಪನೇ ಹಾಕಿದ್ದು. ಮೊದಲು ಊಟ, ಆಮೇಲೆ ಲೆಕ್ಕ. ಉಡುಪಿಯಿಂದ ಅಡುಗೆ ಭಟ್ಟರು ಬರುತ್ತಿದ್ದರು. ಎಲ್ಲರೂ ಒಟ್ಟಿಗೆ ಕೂರುವಂತಾಗಲಿ ಎಂದು ಬರಿಯ ಶಾಕಾಹಾರ. ನೆಲದ ಮೇಲೆ ಚಾಪೆ, ಬಾಳೆ ಎಲೆ, ಧಣಿಗಳ ಖರ್ಚು. ಉಂಡು ಕೈತೊಳೆದು ವೀಳ್ಯ ಹಾಕಿದ ಮೇಲೆ, ಅಷ್ಟು ಹೊತ್ತು ತುಳುವಿನಲ್ಲಿ ಹರಟುತ್ತಿದ್ದ ಅಪ್ಪ ಗಂಟಲು ಸರಿಮಾಡಿಕೊಂಡು ಕನ್ನಡಕ್ಕೆ ತಿರುಗುತ್ತಿದ್ದರು. ಅಪ್ಪ ಕನ್ನಡಕ್ಕೆ ತಿರುಗಿದರು ಎಂದರೆ ವ್ಯವಹಾರ ಶುರು. ಹೊಟ್ಟೆ ತುಂಬಿದವರು ಗೋಡೆಗೆ ಒರಗಿ ಅರ್ಧ ಕಣ್ಣು ಮುಚ್ಚಿ ಕೇಳುತ್ತಿದ್ದರು. ಕರಾರುಪತ್ರವನ್ನೂ ಮೊದಲ ವರ್ಷ ಹಾಗೆಯೇ ಓದಿದ್ದು. ಅದರಲ್ಲಿ ಒಂದು ಕಲಮು ಹೀಗಿತ್ತು: ಕಂಪನಿ ಬೇಕೆಂದಾಗ ಉಳಿದವರ ಪಾಲನ್ನು ಕೊಂಡುಕೊಳ್ಳಬಹುದು, ಕೊಳ್ಳುವ ದಿನ ಯಾವ ಬಾಡಿಗೆ ಇದೆಯೋ ಆ ಲೆಕ್ಕದಲ್ಲಿ ಬೆಲೆ. ಅಪ್ಪ ಅದನ್ನು ನುಂಗಲಿಲ್ಲ, ಗಟ್ಟಿಯಾಗಿಯೇ ಓದಿದರು. ಮಧ್ಯಾಹ್ನದ ಎರಡೂವರೆಗೆ, ಪಾಯಸದ ಮೇಲೆ, ಕೇಳಿಸಿಕೊಂಡವರು ಯಾರು?

ಆ ವರ್ಷ ಮೀಟಿಂಗು ಆಟಿಯಲ್ಲಿ ಬಂತು. ಮಳೆ ಅಂದರೆ ಅಂಥ ಮಳೆ. ಬೋಟುಗಳೆಲ್ಲ ದಡದ ಮೇಲೆ, ಮೈಮೇಲೆ ತೆಂಗಿನ ಗರಿ ಹೊದ್ದು ಮಲಗಿದ್ದವು. ಕಡಲು ಹಗಲೂರಾತ್ರಿ ಒಂದೇ ಸಮನೆ ಮೊರೆಯುತ್ತಿತ್ತು. ಕಾಪುವಿನ ಮನೆಗಳಲ್ಲಿ ಹಣ ಓಡಾಡುವುದು ನಿಂತು, ಹಲಸಿನ ಬೀಜ, ಉಪ್ಪಿನಲ್ಲಿ ಹಾಕಿದ ಸೊಳೆ, ಕಾಡಿನ ಸೊಪ್ಪು ಇಷ್ಟರಲ್ಲೇ ದಿನ ತಳ್ಳುವ ತಿಂಗಳು. ಆಟಿಯಲ್ಲಿ ನಮ್ಮಲ್ಲಿ ಯಾರೂ ಹೊಸ ವ್ಯವಹಾರಕ್ಕೆ ಕೈಹಾಕುವುದಿಲ್ಲ. ಒಂದು ಹಸು ಕೊಳ್ಳುವುದಾದರೂ ತಿಂಗಳು ದಾಟಲಿ ಎನ್ನುತ್ತಾರೆ. ಅಪ್ಪನಂತೂ ಆಟಿಯಲ್ಲಿ ಹೊಸ ಚಪ್ಪಲಿಯನ್ನೂ ಮೆಟ್ಟಿದವರಲ್ಲ.

"ಆಟಿಯಲ್ಲಿ ಯಾರಾದರೂ ಸಹಿ ಹಾಕಿಸುತ್ತಾರಾ?" ಎಂದು ಅಮ್ಮ ಕೇಳಿದಳು. "ಒಂದು ತಿಂಗಳು ಕಾದರೆ ಎಂತ? ಒಳ್ಳೆಯ ಕೆಲಸ ಈಗ ಮಾಡಬಾರದು ಅಂತ ನೀವೇ ಹೇಳುವುದಲ್ವಾ?"

ಅಪ್ಪ ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದರು. "ಇದು ಒಳ್ಳೆಯ ಕೆಲಸ ಅಂತ ನಿನಗೆ ಯಾರು ಹೇಳಿದ್ದು?" ಎಂದರು. ನಾವಿಬ್ಬರೂ ನಕ್ಕೆವು. ಅಪ್ಪ ನಗಲಿಲ್ಲ ಎನ್ನುವುದು ನನಗೆ ಆಮೇಲೆ ನೆನಪಾದದ್ದು.

ಅಮ್ಮನನ್ನೂ ನನ್ನನ್ನೂ ಬಡಿಸಲಿಕ್ಕೆಂದು ಕರೆದುಕೊಂಡು ಹೋಗಿದ್ದರು. ಶೆಡ್ಡಿನ ತಗಡಿನ ಮೇಲೆ ಮಳೆಯ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಆದರೆ ಊಟ! ಪತ್ರೊಡೆ, ಕಣಿಲೆಯ ಗಸಿ, ಎರಡು ಪಲ್ಯ, ಕಡಲೆಬೇಳೆ ಪಾಯಸ. ಆಟಿಯ ಹಸಿವಿಗೆ ಮದುವೆಯ ಊಟ. ದಕ್ಕೆಯ ಮುದುಕರು ಎಲೆಯಿಂದ ತಲೆ ಎತ್ತಲಿಲ್ಲ. ಆಸ್ಯಮ್ಮ ಒಂದು ಬದಿಯಲ್ಲಿ ಅಮ್ಮನ ಹತ್ತಿರ ಕುಳಿತಿದ್ದಳು. ಬಾಡಿಗೆ ಇಳಿಸುತ್ತಾರಂತೆ ಎನ್ನುವ ಸುದ್ದಿ ಅವಳ ಕಿವಿಗೆ ಹೇಗೋ ಬಿದ್ದಿರಬೇಕು. ಅಪ್ಪ ಪಂಕ್ತಿಯ ಮುಂದೆ ಉಪಚಾರ ಹೇಳುತ್ತ ಬಂದಾಗ ಕೈ ನಿಲ್ಲಿಸಿ, "ಸಂಜೀವಣ್ಣ, ಆ ಬಾಡಿಗೆಯ ವಿಷಯ..." ಎಂದಳು.

"ಊಟದ ಹೊತ್ತಿಗೆ ಎಂತ ವ್ಯವಹಾರ ಆಸ್ಯಮ್ಮ? ಮೊದಲು ಹೊಟ್ಟೆ ತುಂಬಲಿ." ಅಪ್ಪ ನಗುತ್ತಲೇ ನನ್ನ ಕಡೆ ತಿರುಗಿದರು. "ಶಶೀ, ಇವರಿಗೆ ಪಾಯಸ ಹಾಕು. ಸರಿಯಾಗಿ ಹಾಕು."

ನಾನು ಹಾಕಿದೆ. ಅವಳು ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಬಿಡದೆ ಇನ್ನೊಂದು ಸೌಟು ಹಾಕಿದೆ. ಬಡಿಸುವುದರಲ್ಲಿ ನಾನು ಗಟ್ಟಿಗಿತ್ತಿ ಎಂದು ಸಣ್ಣ ಜಂಬ ಬೇರೆ.

ಊಟವಾಯಿತು, ವೀಳ್ಯವಾಯಿತು, ಅಪ್ಪ ಕನ್ನಡಕ್ಕೆ ತಿರುಗಿದರು. ಡೀಸೆಲಿನಲ್ಲಿ ಕಂಪನಿಗೆ ಗಿಟ್ಟುತ್ತಿಲ್ಲ, ಬಾಡಿಗೆಯನ್ನು ನಾಲ್ಕರಿಂದ ಎರಡಕ್ಕೆ ಇಳಿಸಬೇಕೆಂದು ಕಂಪನಿಯಿಂದ ಪತ್ರ ಬಂದಿದೆ ಎಂದರು. ಆ ಪತ್ರ ನಾನೇ ಟೈಪು ಮಾಡಿದ್ದು. "ಹೇಗೂ ಈಗ ಬೋಟು ದಡದಲ್ಲಿ ಉಂಟು, ಪೈಪು ಖಾಲಿ ಉಂಟು. ಎರಡಾದರೂ ಅಷ್ಟೇ, ನಾಲ್ಕಾದರೂ ಅಷ್ಟೇ. ಧಣಿಗಳ ಮಾತು ಉಳಿಸಿದ ಹಾಗಾಗುತ್ತದೆ. ಮಳೆ ಕಳೆಯಲಿ, ಮತ್ತೆ ನೋಡುವ." ಯಾರಿಗೂ ಇದರಲ್ಲಿ ತಪ್ಪು ಕಾಣಲಿಲ್ಲ. ಹರಿಯದ ಪೈಪಿಗೆ ಬಾಡಿಗೆ ಎಷ್ಟಾದರೇನು? ಅನ್ನ ಹಾಕಿದವರ ಶೆಡ್ಡಿನಲ್ಲಿ ಕುಳಿತು ಎರಡು ರೂಪಾಯಿಗೆ ಚೌಕಾಸಿ ಮಾಡುವುದು ಯಾರಿಗೂ ಆಗಲಿಲ್ಲ. ಒಬ್ಬೊಬ್ಬರಾಗಿ ಸಹಿ ಹಾಕಿದರು. ಆಸ್ಯಮ್ಮ ಕೊನೆಗೆ, ನಿಧಾನವಾಗಿ, ಅಕ್ಷರ ಅಕ್ಷರ ಕೂಡಿಸಿ ಹಾಕಿದಳು.

ಮಳೆ ಕಳೆಯುವವರೆಗೆ ಧಣಿಗಳು ಕಾಯಲಿಲ್ಲ. ಬೋಟುಗಳು ಇನ್ನೂ ನೀರಿಗೆ ಇಳಿದಿರಲಿಲ್ಲ, ಎಲ್ಲ ಪಾಲುದಾರರಿಗೂ ರಿಜಿಸ್ಟರ್ಡ್ ಪತ್ರ ಹೋಯಿತು. ಆ ಕಲಮಿನ ಪ್ರಕಾರ ನಿಮ್ಮ ಪಾಲನ್ನು ಕಂಪನಿ ಕೊಂಡಿದೆ, ಈಗಿರುವ ಎರಡು ರೂಪಾಯಿ ಬಾಡಿಗೆಯ ಲೆಕ್ಕದಲ್ಲಿ ಬೆಲೆ ಇಷ್ಟು, ಚೆಕ್ಕು ಲಗತ್ತಿಸಿದೆ. ಬಾಡಿಗೆ ಅರ್ಧವಾಗಿತ್ತು, ಹಾಗಾಗಿ ಪಾಲಿನ ಬೆಲೆಯೂ ಅರ್ಧ. ಆ ಪತ್ರಗಳನ್ನು ಟೈಪು ಮಾಡಲು ಅಪ್ಪ ನನ್ನನ್ನು ಕರೆಯಲಿಲ್ಲ. "ನಿನಗೆ ಪರೀಕ್ಷೆ ಹತ್ತಿರ ಬಂತಲ್ಲ" ಎಂದರು. ಪರೀಕ್ಷೆ ಎಲ್ಲಿತ್ತು? ಆಗ ತಾನೇ ಕಾಲೇಜು ಶುರುವಾಗಿತ್ತು.

ಆ ವಾರವೇ ಒಂದು ಮಧ್ಯಾಹ್ನ ಆಸ್ಯಮ್ಮ ಪರ್ಕಳದ ನಮ್ಮ ಮನೆಗೆ ಬಂದಳು. ಕಾಪುವಿನಿಂದ ಉಡುಪಿ, ಉಡುಪಿಯಿಂದ ಪರ್ಕಳ, ಎರಡು ಬಸ್ಸು ಹತ್ತಿ, ಸೊಂಟದವರೆಗೆ ಒದ್ದೆಯಾಗಿ. ಅಪ್ಪ ಆಗಷ್ಟೇ ಊಟಕ್ಕೆ ಮನೆಗೆ ಬಂದಿದ್ದರು. ಗೇಟಿನಲ್ಲಿ ಅವಳನ್ನು ಕಂಡದ್ದೇ ಎದ್ದು ಒಳಕೋಣೆಗೆ ಹೋದರು. ಕರಿದ ಹಪ್ಪಳ ಅರ್ಧ ಕಚ್ಚಿದ್ದು ಬಟ್ಟಲಲ್ಲೇ ಉಳಿಯಿತು. ಅಮ್ಮ ಬಾಗಿಲಿಗೆ ಹೋಗಿ, "ಅವರು ಇಲ್ಲ ಆಸ್ಯಮ್ಮ, ಕಾರ್ಕಳಕ್ಕೆ ಹೋಗಿದ್ದಾರೆ" ಎಂದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು, ನೆಲ ನೋಡಿಕೊಂಡೇ ಹೇಳಿದಳು.

ಆಸ್ಯಮ್ಮ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಚೆಕ್ಕನ್ನು ಬಿಚ್ಚಿ ನನ್ನ ಕಡೆ ಚಾಚಿದಳು. "ನೀನು ಓದಿದವಳಲ್ವಾ ಶಶಿ, ನೋಡಿ ಹೇಳು. ಇದು ಈ ವರ್ಷದ್ದಾ, ಪೂರ್ತಿಯದ್ದಾ?"

ನಾನು ನೋಡಿದೆ. "ಪೂರ್ತಿಯದ್ದು" ಎಂದೆ.

ಅವಳು ಚೆಕ್ಕನ್ನು ಮತ್ತೆ ಸುತ್ತಿದಳು. ಜಗಲಿಯ ಮೂಲೆಯಲ್ಲಿ ಅಪ್ಪನ ಉದ್ದ ಹಿಡಿಕೆಯ ಕೊಡೆ ಬಿಚ್ಚಿಟ್ಟದ್ದು ಇನ್ನೂ ತೊಟ್ಟಿಕ್ಕುತ್ತಿತ್ತು. ಅವಳು ಅದನ್ನೊಮ್ಮೆ ನೋಡಿದಳು.

"ಕೊಡೆ ಬಿಟ್ಟು ಹೋಗಿದ್ದಾರೆ" ಎಂದಳು. "ಕಾರ್ಕಳದಲ್ಲಿ ಮಳೆ ಜಾಸ್ತಿ. ಒದ್ದೆಯಾದಾರು, ಪಾಪ."

ಅಷ್ಟು ಹೇಳಿ ಮೆಟ್ಟಿಲಿಳಿದು ಹೋದಳು. ಬೈದಿದ್ದರೆ, ಶಾಪ ಹಾಕಿದ್ದರೆ ಚೆನ್ನಾಗಿತ್ತು. ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡೇ ನಿಂತಿದ್ದಳು. ಒಳಗಿನಿಂದ ಒಂದು ಕೆಮ್ಮು ಕೇಳಿಸಿತು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಸಂಜೆ ಅಪ್ಪನನ್ನು ಕೇಳಿಯೇಬಿಟ್ಟೆ. ಪಾಲುದಾರರು ಒಬ್ಬರಿಗೊಬ್ಬರು ಹೇಗಿರಬೇಕು ಎನ್ನುವ ಪಾಠ ಅದೇ ತಿಂಗಳು ಕಾಲೇಜಿನಲ್ಲಿ ನಡೆಯುತ್ತಿತ್ತು, ಪುಸ್ತಕ ಕೈಯಲ್ಲೇ ಇತ್ತು. "ಆ ದಿನ ನೀವು ಯಾರ ಪರವಾಗಿ ಕುಳಿತದ್ದು ಅಪ್ಪಾ? ಕಂಪನಿಯ ಪರವಾ, ಅವರ ಪರವಾ?"

"ಕಾನೂನಿನಲ್ಲಿ ತಪ್ಪು ಉಂಟಾ? ನಿನ್ನ ಪುಸ್ತಕದಲ್ಲಿ ತೋರಿಸು." ಅಪ್ಪ ಸಿಟ್ಟು ಮಾಡಲಿಲ್ಲ, ಸುಸ್ತಾದವರ ಹಾಗೆ ಮಾತಾಡಿದರು. "ಪತ್ರದಲ್ಲಿ ಬರೆದದ್ದು ಉಂಟು. ಓದಿ ಹೇಳಿದ್ದೇನೆ. ಎಲ್ಲರೂ ಅವರವರ ಕೈಯಲ್ಲೇ ಸಹಿ ಹಾಕಿದ್ದಾರೆ."

"ಕಲಮು ಓದಿ ಹೇಳಿದಿರಿ, ಸರಿ. ಬಾಡಿಗೆ ಇಳಿಸುವುದು ಯಾಕೆ ಅಂತ ಹೇಳಿದಿರಾ? ಅವರು ದುಡ್ಡು ಹಾಕಿದ್ದು ನಿಮ್ಮ ಮುಖ ನೋಡಿ."

ಅಪ್ಪ ಎದ್ದು ಜಗಲಿಯಲ್ಲಿದ್ದ ಕೊಡೆಯನ್ನು ಮಡಚಿದರು. "ನಿನ್ನ ಕಾಲೇಜು, ಈ ಮನೆ, ಈ ಅನ್ನ, ಎಲ್ಲ ಧಣಿಗಳದ್ದು ಶಶಿ. ಉಂಡ ಮನೆಯ ಜಂತೆ ಎಣಿಸಲಿಕ್ಕೆ ನನ್ನಿಂದ ಆಗಲಿಲ್ಲ" ಎಂದರು.

ಮರುದಿನ ಅಪ್ಪ ಕೊಟ್ಟ ಬಸ್ಸಿನ ದುಡ್ಡು ಹಿಡಿದುಕೊಂಡೇ ಕಾಲೇಜಿಗೆ ಹೋದೆ.

ನೂಲ ಹುಣ್ಣಿಮೆಯ ದಿನ ಮೀನುಗಾರ ಮೊಗವೀರರು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿದರು. ಬೋಟುಗಳು ಇಳಿದವು. ಆ ವರ್ಷ ಮೀನೂ ಚೆನ್ನಾಗಿ ಬಂತು, ಪೈಪು ಹಗಲೂರಾತ್ರಿ ಹರಿಯಿತು. ಕಂಪನಿಗೆ ಗಿಟ್ಟುತ್ತಿಲ್ಲ ಎಂದಿದ್ದ ಧಣಿಗಳು ದೀಪಾವಳಿಗೆ ಮೊದಲೇ ಬೋಟಿನವರಿಂದ ಡ್ರಮ್ಮಿಗೆ ಐದು ರೂಪಾಯಿ ಪೈಪಿನ ಖರ್ಚು ವಸೂಲು ಮಾಡತೊಡಗಿದರು. ಈಗ ಪಾಲು ಕೇಳುವವರು ಯಾರೂ ಇರಲಿಲ್ಲ. ಅಪ್ಪನಿಗೆ ಸಂಬಳ ಏರಿತು, ಮಣಿಪಾಲದಲ್ಲಿ ಕಂಪನಿಯ ಮನೆ ಸಿಕ್ಕಿತು. ಹೊಸ ಮನೆಯ ಜಗಲಿಯಲ್ಲಿ ಕೊಡೆ ಇಡಲಿಕ್ಕೆಂದೇ ಒಂದು ಸ್ಟ್ಯಾಂಡು ಇತ್ತು. ಅಪ್ಪ ಅದರಲ್ಲಿ ಕೊಡೆ ಇಟ್ಟದ್ದನ್ನು ನಾನು ನೋಡಲಿಲ್ಲ, ಎಷ್ಟು ಒದ್ದೆಯಾಗಿದ್ದರೂ ಒಳಗೆ ಒಯ್ಯುತ್ತಿದ್ದರು. ಕಾಪುವಿನ ಮದುವೆ ಮುಂಜಿಗಳಿಗೆ ಹೋಗುವುದನ್ನೂ ಬಿಟ್ಟರು. ಸಾಯುವವರೆಗೆ ನಾವು ಆ ಮಾತು ಮತ್ತೆ ಎತ್ತಲಿಲ್ಲ. ಇದ್ದಿನಬ್ಬ ಊರಿಗೆ ಬರಲಿಲ್ಲ ಎನ್ನುವುದು ಮಾತ್ರ ಯಾರ್ಯಾರೋ ಹೇಳಿ ಕಿವಿಗೆ ಬೀಳುತ್ತಲೇ ಇತ್ತು.

ಈ ಸಲ ನಾದಿನಿಯೇ ಅಂದಳು. "ಆಸ್ಯಮ್ಮ ಇದ್ದಾರೆ ಅತ್ತಿಗೆ, ಇಲ್ಲೇ ಮಸೀದಿಯ ಹಿಂದೆ. ನಿಮ್ಮನ್ನು ಕೇಳುತ್ತಿರುತ್ತಾರೆ." ಮಧ್ಯಾಹ್ನ ಮಳೆ ಬಿಟ್ಟ ಮೇಲೆ ಹೋದೆ. ಕಾಲು ಮುಂದೆ ಹೋಗುತ್ತಿತ್ತು, ಮನಸ್ಸು ಬಸ್‌ಸ್ಟ್ಯಾಂಡಿನ ಕಡೆ ಎಳೆಯುತ್ತಿತ್ತು.

ಆಸ್ಯಮ್ಮ ಕುರ್ಚಿಯಲ್ಲಿ ಕುಳಿತಿದ್ದಳು. ಬಹಳ ಸಣ್ಣಗಾಗಿದ್ದಾಳೆ, ಕಣ್ಣು ಮಂಜು. ದನಿ ಕೇಳಿಯೇ "ಶಶಿಯಾ?" ಎಂದಳು. ಗೋಡೆಯ ಮೇಲೆ ಇದ್ದಿನಬ್ಬನ ಫೋಟೋ. ಇನ್ನೂ ಹದಿನೈದು ವರ್ಷ ಅಲ್ಲಿಯೇ ದುಡಿದು, ಸೊಂಟ ಬಿದ್ದ ಮೇಲೆ ಬಂದದ್ದಂತೆ. ಬಂದ ಮೇಲೆ ಇದ್ದದ್ದು ನಾಲ್ಕು ವರ್ಷ. ಸೊಸೆ ಒಂದು ತಟ್ಟೆಯಲ್ಲಿ ತಿಂಡಿಯನ್ನೂ ಪಾಯಸದ ಪಾತ್ರೆ, ಸೌಟು, ಬಟ್ಟಲನ್ನೂ ತಂದಳು. ಆಸ್ಯಮ್ಮ ಕೈ ಎತ್ತಿ ತಡೆದಳು.

"ಮೊದಲು ಮಾತು. ತಿನ್ನುವುದು ಆಮೇಲೆ."

"ಇದು ಈ ಮನೆಯ ಕ್ರಮ" ಎಂದು ಸೊಸೆ ನಗಾಡಿದಳು. "ನನ್ನ ಸಂಬಂಧ ಮಾತಾಡಲಿಕ್ಕೆ ಬಂದಾಗ ನನ್ನ ಅಪ್ಪನನ್ನೇ ಎರಡು ಗಂಟೆ ಉಪವಾಸ ಕೂರಿಸಿದ್ದಾರೆ."

ಎಲ್ಲ ನಮ್ಮ ನಡುವೆ ಸ್ಟೂಲಿನ ಮೇಲೆ ಉಳಿಯಿತು. "ಆ ದಿನ ಅಪ್ಪ ಒಳಗೇ ಇದ್ದರು ಆಸ್ಯಮ್ಮ" ಎಂದೆ.

"ಕೊಡೆ ನೋಡಿದೆನಲ್ಲ."

"ಶೆಡ್ಡಿನಲ್ಲಿ ಸಹಿ ಹಾಕುವಾಗ... ನಿಮಗೆ ಏನೂ ಅನ್ನಿಸಲಿಲ್ಲವಾ?"

"ಅನ್ನಿಸದೆ ಎಂತ? ಆಟಿಯಲ್ಲಿ ಕರೆದು ಊಟ ಹಾಕುವವರು ಸುಮ್ಮನೆ ಹಾಕುತ್ತಾರಾ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿನ್ನೆಯ ವಿಷಯ ಹೇಳಿದ ಹಾಗೆ ಹೇಳಿದಳು. "ಕೇಳಬೇಕು ಅಂತಲೇ ಬಂದದ್ದು. ಇವರು ಕಾಗದದಲ್ಲಿ ಬರೆದಿದ್ದರು, ಬಾಡಿಗೆ ಇಳಿಸಿದರೆ ಒಪ್ಪಬೇಡ ಅಂತ. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ನೀನು ಪಾಯಸದ ಪಾತ್ರೆ ಹಿಡಿದುಕೊಂಡು ಬಂದೆ. ಬೇಡ ಅಂದರೂ ಇನ್ನೊಂದು ಸೌಟು ಹಾಕಿದೆ. ಅಷ್ಟು ಉಂಡ ಮೇಲೆ ಯಾವ ಬಾಯಲ್ಲಿ ಕೇಳುವುದು ಮಗಳೇ?"

ಹೊರಗೆ ಮತ್ತೆ ಮಳೆ ಹಿಡಿಯಿತು.

"ಮಾತು ಮುಗಿಯಿತಾ?" ಎಂದು ಆಸ್ಯಮ್ಮ ಕೇಳಿದಳು. "ಹಾಗಾದರೆ ತಿನ್ನು." ತಡಕಾಡಿ ಸೌಟು ಹಿಡಿದು, ತಾನೇ ನನ್ನ ಬಟ್ಟಲಿಗೆ ಪಾಯಸ ಹಾಕಿದಳು. ಮತ್ತೆ ಇನ್ನೊಂದು ಸೌಟು. ಬೇಡ ಎನ್ನಬೇಕಿತ್ತು. ಬಟ್ಟಲು ಎತ್ತಿಕೊಂಡೆ.